ನಿಮ್ಮ ಆಯಿಯನ್ನು ಕೂರಿಸಿಕೊಂಡ ಎರಡು ದಿನ

ನಿಮ್ಮ ಆಯಿ ಇದನ್ನು ನಿಮಗೆ ಹೇಳುವವಳಲ್ಲ. ಕೇಳಿದರೆ, "ಅದು ಆಗಿ ಹೋದ್ದು, ಈಗ ಎಂತಕ್ಕೆ" ಎಂದು ಎದ್ದು ಒಳಗೆ ಹೋಗುತ್ತಾಳೆ. ನಿಮ್ಮ ಅಪ್ಪನಿಗೆ ಗೊತ್ತಿರುವುದು ಅರ್ಧ ಮಾತ್ರ. ಪೂರ್ತಿ ಗೊತ್ತಿರುವವಳು ನಿಮ್ಮ ಅಜ್ಜಿ, ನಾನು. ಅದರಲ್ಲಿ ತಪ್ಪು ಮಾಡಿದವಳೂ ನಾನೇ. ಬಾಯಿಬಿಟ್ಟು ಹೇಳುವುದು ನನ್ನಿಂದಾಗದ ಕೆಲಸ. ನಾಲ್ಕು ಜನ ಕೂತಲ್ಲಿ ನನಗೆ ಮಾತು ಹೊರಡುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಬರುತ್ತದೆ. ಅದಕ್ಕಾಗಿ ಬರೆದಿಡುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ, ನಿಮ್ಮದನ್ನೂ.

ಆಗ ನಿಮ್ಮಲ್ಲಿ ದೊಡ್ಡವನು ಎರಡನೇ ಇಯತ್ತೆ, ಸಣ್ಣವಳು ಅಂಗನವಾಡಿ. ನಿಮ್ಮ ಅಪ್ಪ ಮದುವೆ ಮುಂಜಿಗಳಿಗೆ ಅಡುಗೆ ಮಾಡಲು ಹೋಗುವವನು. ಆ ವಾರ ಘಟ್ಟದ ಕೆಳಗೆ ಹೋಗಿದ್ದ. ನಿಮ್ಮ ಆಯಿಗೆ ಯಲ್ಲಾಪುರದ ಆಸ್ಪತ್ರೆಯಿಂದ ಆಗಾಗ ಕರೆ ಬರುತ್ತಿತ್ತು. ಅರಬೈಲ್ ಘಟ್ಟದ ಕಡೆ ಹೆದ್ದಾರಿಯ ಕೆಲಸ ನಡೆದಿತ್ತಲ್ಲ, ಅಲ್ಲಿ ತಾಡಪಾಲಿನ ಶೆಡ್ಡು ಹಾಕಿಕೊಂಡು ಇದ್ದ ಕೂಲಿಯವರು ಬಂಗಾಲಿ ಮಾತನಾಡುವವರು. ಹೆಂಗಸರಿಗೆ ಜ್ವರವೋ ಹೊಟ್ಟೆನೋವೋ ಬಂದು ಆಸ್ಪತ್ರೆಗೆ ಬಂದರೆ ಅವರು ಹೇಳಿದ್ದು ಡಾಕ್ಟರಿಗೆ ತಿಳಿಯದು, ಡಾಕ್ಟರು ಹೇಳಿದ್ದು ಅವರಿಗೆ ತಿಳಿಯದು. ನಿಮ್ಮ ಆಯಿಯ ತವರಿನ ಮಾತೂ ಅದೇ. ಒಂದು ಸಲ ತನ್ನ ಔಷಧಿಗೆಂದು ಹೋದವಳು ಪಕ್ಕದ ಹೆಂಗಸಿನ ಮಾತನ್ನು ನರ್ಸಮ್ಮನಿಗೆ ತಿಳಿಸಿಕೊಟ್ಟಳು. ಅಂದಿನಿಂದ ನರ್ಸಮ್ಮ ಅವಳ ನಂಬರು ಬರೆದಿಟ್ಟುಕೊಂಡಿದ್ದರು.

ಆ ದಿನ ಬೆಳಿಗ್ಗೆ ಎಂಟಕ್ಕೇ ಕರೆ ಬಂತು. ಶೆಡ್ಡಿನವರನ್ನೆಲ್ಲ ಪೊಲೀಸರು ಊರ ಹೊರಗಿನ ಒಂದು ಸಮುದಾಯ ಭವನಕ್ಕೆ ತಂದು ಕೂರಿಸಿದ್ದಾರೆ, ಅವರಲ್ಲೊಬ್ಬಳು ತುಂಬು ಬಸುರಿ, ನೋವು ಎನ್ನುತ್ತಿದ್ದಾಳೆ, ಏನು ಹೇಳುತ್ತಾಳೆಂದು ತಿಳಿಯುತ್ತಿಲ್ಲ, ಒಂದು ಗಳಿಗೆ ಬಂದು ಹೋಗು ಎಂದು. ನಿಮ್ಮ ಆಯಿ ದೋಸೆಹಿಟ್ಟನ್ನು ನನ್ನ ಕೈಗೆ ಕೊಟ್ಟು, ಸೀರೆ ಬದಲಿಸಿ, ಹೆಗಲಿಗೆ ಚೀಲ ಹಾಕಿಕೊಂಡು ವಜ್ರಳ್ಳಿಯಿಂದ ಬರುವ ಬಸ್ಸಿಗೆ ಹೋದಳು. "ಊಟದ ಹೊತ್ತಿಗೆ ಬತ್ತೆ ಅತ್ತೆ" ಎಂದು ಹೇಳಿ ಹೋದವಳು.

ಹನ್ನೊಂದೂವರೆಗೆ ನರ್ಸಮ್ಮನ ಫೋನು. ಅವರ ದನಿ ಸಣ್ಣಗಾಗಿತ್ತು.

"ಅಮ್ಮಾ, ಗಾಬರಿ ಆಗ್ಬೇಡಿ. ನಿಮ್ಮ ಸೊಸೆನೂ ಅಲ್ಲೇ ಕೂರ್ಸ್ಕೊಂಡಿದಾರೆ. ಅವರ ಜನಾನೇ ಇವಳು ಅಂತಿದಾರೆ. ಸಂಜೆ ವ್ಯಾನಲ್ಲಿ ಬೆಂಗಳೂರಿಗಂತೆ, ಅಲ್ಲಿಂದ ಗಡಿ ಆಚೆ ದಾಟಿಸ್ತಾರಂತೆ. ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳಿಸಿ."

ಗಂಡಸರು ಯಾರೂ ಇರಲಿಲ್ಲ. ನಿಮ್ಮ ಅಪ್ಪನಿಗೆ ಫೋನು ತಾಗಲಿಲ್ಲ. ನಿಮ್ಮನ್ನು ಆಚೆಮನೆಯಲ್ಲಿ ಬಿಟ್ಟೆ. ಆಚೆಮನೆಯವಳಿಗೂ ನಿಜ ಹೇಳಲಿಲ್ಲ, ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದೆ. ಆಗಲೂ ನನಗೆ ಜನ ಏನೆಂದುಕೊಳ್ಳುತ್ತಾರೆ ಎಂಬುದೇ ಮೊದಲು ಬಂತು.

ಆ ಭವನ ಯಾವ ಊರಿನದು, ಠಾಣೆ ಯಾವುದು ಎಂದು ಬರೆಯುವುದಿಲ್ಲ. ಅಲ್ಲಿ ಒಳ್ಳೆಯವರೂ ಇದ್ದರು. ಬಾಗಿಲ ಮೇಲೆ ಹಿಂದಿನ ಮದುವೆಯ ಸುಸ್ವಾಗತದ ಬೋರ್ಡು ಹಾಗೆಯೇ ಇತ್ತು, ಬಣ್ಣದ ಕಾಗದದ ಮಾಲೆ ಒಂದು ಕಡೆ ಹರಿದು ನೇತಾಡುತ್ತಿತ್ತು. ಗೇಟಿನಲ್ಲಿ ಇಬ್ಬರು ಪೊಲೀಸರು. ನಾನು ಬಸ್ಸಿಳಿದು ಗೇಟಿನವರೆಗೆ ಹೋದೆ. "ಏನಮ್ಮ?" ಎಂದು ಒಬ್ಬ ಕೇಳಿದ. ಏನೂ ಇಲ್ಲ ಎಂಬಂತೆ ತಲೆಯಾಡಿಸಿ ಹಿಂದೆ ಬಂದು ರಸ್ತೆಯ ಆಚೆ ಮೋರಿಕಟ್ಟೆಯ ಮೇಲೆ ಕೂತೆ.

ಮಕ್ಕಳೇ, ನಾನು ಅಲ್ಲಿ ಒಂದೂವರೆ ತಾಸು ಕೂತಿದ್ದೆ. ಒಳಗೆ ನನ್ನ ಸೊಸೆ ಇದ್ದಾಳೆ, ನಾನು ಅವಳ ಅತ್ತೆ ಎಂಬ ಎರಡು ಮಾತು ಹೇಳಲಾಗದೆ ಕೂತಿದ್ದೆ. ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದೆ. ಭವನದ ಹಿಂದೆ ನೀಲಿ ವ್ಯಾನು ನಿಂತಿತ್ತು, ಅದರ ಡ್ರೈವರು ಚಕ್ರಕ್ಕೆ ನೀರು ಹೊಡೆಯುತ್ತಿದ್ದ. ಅವನು ಬಕೆಟ್ಟು ಕೆಳಗಿಟ್ಟಾಗಲೆಲ್ಲ ಈಗ ಹೊರಟಿತು ಎಂದು ನಾನು ಅರ್ಧ ಎದ್ದು ಮತ್ತೆ ಕೂರುತ್ತಿದ್ದೆ.

ಕೊನೆಗೆ ನಾನು ಹೋದದ್ದಲ್ಲ, ಅವಳೇ ನನ್ನನ್ನು ನೋಡಿದ್ದು. ಕಿಟಕಿಯ ಸರಳಿನಿಂದ "ಅತ್ತೆ" ಎಂದು ಕರೆದಳು. ನಾನು ಗೋಡೆಯ ಪಕ್ಕದಿಂದ ಹೋಗಿ ನಿಂತೆ. ಅವಳು ಮೊದಲು ಕೇಳಿದ್ದು, "ಮಕ್ಕ ಉಂಡ್ವ?"

"ಉಂಡ. ಎಂತಾತೇ?"

"ಆನು ಎಂತೂ ಮಾಡಿದ್ನಿಲ್ಲೆ ಅತ್ತೆ. ಚೀಲ ನೋಡಿದ. ಆಧಾರ್ ಕಾರ್ಡಲ್ಲಿ, ಮದುವೆ ಕಾಗದದಲ್ಲಿ ಒಂದು ಹೆಸರು, ಶಾಲೆ ಕಾಗದದಲ್ಲಿ ಒಂದು ಹೆಸರು. ಯಾವ್ದು ಸುಳ್ಳು ಹೇಳಿ ಕೇಳ್ತ. ಫೋನು ಇಸ್ಕಂಡ."

ಅವಳು ಚೀಲದಲ್ಲಿ ಶಾಲೆಯ ಕಾಗದ ಇಟ್ಟುಕೊಂಡು ತಿರುಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ತವರಿನ ಊರಿನ ಶಾಲೆಯದು, ಅವರ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಇದ್ದದ್ದು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಒಂಬತ್ತು ವರ್ಷ ಹೋದಲ್ಲೆಲ್ಲ ಒಯ್ದಿದ್ದಳು.

ಅಷ್ಟರಲ್ಲಿ ಪೊಲೀಸ್ ಸಾಹೇಬರು ಹೊರಗೆ ಬಂದರು. ಹಾವೇರಿ ಕಡೆಯ ಮಾತು. ಬಿರುಸಿನವರಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಅವರು ದಿನವೂ ಮಾಡುವ ಕೆಲಸದಂತೆ ಮಾತನಾಡುತ್ತಿದ್ದರು.

"ಯಾರಮ್ಮ ನೀವು? ಹೇಳ್ರಿ."

"ಸೊಸೆ" ಎಂದೆ. ಅಷ್ಟೇ ಬಂತು.

"ಇಕಿ ನಿಮ್ಮ ಸೊಸೀನ? ಹಂಗಾದ್ರ ನೀವೇ ಹೇಳ್ರಿ. ಲಗ್ನದ ಸರ್ಟಿಫಿಕೇಟಿನಾಗ ಆಕಿ ತಂದಿ ಸಿದ್ದಾಪುರದಾವ. ಶಾಲಿ ಕಾಗದದಾಗ ತಂದಿ ಬ್ಯಾರೆ, ಊರು ಬ್ಯಾರೆ, ಆಕಿ ಹೆಸರೂ ಬ್ಯಾರೆ. ಒಬ್ಬಾಕಿಗೆ ಎರಡು ಹೆಸರು, ಇಬ್ಬರು ಅಪ್ಪಂದಿರು. ಗಡಿ ದಾಟಿ ಬಂದವರು ಇದನ್ನ ಮಾಡ್ತಾರ. ನಾ ಏನಂತ ತಿಳೀಲಿ?"

ನಿಮ್ಮ ಆಯಿ ಕಿಟಕಿಯಿಂದ ಏನೋ ಹೇಳಿದಳು, ನಮ್ಮ ಮನೆಮಾತಿನಲ್ಲೇ, ಗಾಬರಿಗೆ ಬೇಗಬೇಗ. ಸಾಹೇಬರು ಪಕ್ಕದ ಹೆಣ್ಣು ಪೊಲೀಸಿಗೆ, "ನೋಡು, ಮತ್ತ ಬಂಗಾಲಿ ಶುರು ಮಾಡಿದ್ಲು" ಎಂದರು.

ಆ ಹುಡುಗಿ ಶಿರಸಿ ಕಡೆಯವಳು. "ಅದು ಬಂಗಾಲಿ ಅಲ್ಲ ಸರ್. ಇಲ್ಲಿ ತೋಟದವರ ಮನೆಮಾತು" ಎಂದಳು.

"ಇದು ಕನ್ನಡಾನ? ಯಪ್ಪಾ. ಇವರನ್ನೂ ಎಲ್ಲಾ ವೆರಿಫೈ ಮಾಡಬೇಕಾಗ್ತದ" ಎಂದು ನಕ್ಕರು. ಹೆಣ್ಣು ಪೊಲೀಸೂ ನಕ್ಕಳು. ಬೇರೆ ದಿನವಾದರೆ ನಾನೂ ನಗುತ್ತಿದ್ದೆನೇನೋ.

ಆ ಎರಡು ಹೆಸರು, ಇಬ್ಬರು ಅಪ್ಪಂದಿರ ಕಥೆ ಏನೆಂದು ಈಗ ಹೇಳಬೇಕು. ನಿಮ್ಮ ಅಪ್ಪನಿಗೆ ಮೂವತ್ತೆಂಟು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಕಾಶಿಯಲ್ಲಿ ಯಾತ್ರಿಕರಿಗೆ ಅಡುಗೆ ಮಾಡುತ್ತಿದ್ದ ಪರಿಚಯದವರೊಬ್ಬರು ಬಂಗಾಳದ ಗಡಿ ಜಿಲ್ಲೆಯ ಒಂದು ಪುರೋಹಿತರ ಮನೆ ತೋರಿಸಿದರು. ಬಡವರು. ತಂದೆಗೆ ದಮ್ಮು, ಅಷ್ಟು ದೂರ ರೈಲು ಹತ್ತಲಾರರು. ಅವಳ ಸೋದರಮಾವ ಹುಬ್ಬಳ್ಳಿಯವರೆಗೆ ಬಂದು ಒಪ್ಪಿಸಿ ಹೋದ.

ಮದುವೆ ಶಿರಸಿಯಲ್ಲಿ. ಧಾರೆ ಎರೆಯಲು ಹೆಣ್ಣಿನ ಕಡೆಯವರು ಬೇಕಲ್ಲ. ಸಿದ್ದಾಪುರದ ನನ್ನ ತಮ್ಮ, ಅವನ ಹೆಂಡತಿ ಅವಳನ್ನು ಮಗಳಾಗಿ ತೆಗೆದುಕೊಂಡು, ತಮ್ಮ ಗೋತ್ರ ಕೊಟ್ಟು ಧಾರೆ ಎರೆದರು. ದೂರದಿಂದ ತಂದ ಹೆಣ್ಣಿಗೆ ಹೀಗೆ ಮಾಡುವುದುಂಟು. ಆಮೇಲೆ ಮನೆ ತುಂಬಿಸಿಕೊಳ್ಳುವಾಗ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ನಿಮ್ಮ ಅಪ್ಪ ಅವಳ ಹೊಸ ಹೆಸರು ಬರೆದ. ಆ ಹೆಸರು ಆರಿಸಿದವಳು ನಾನು. ಅವಳ ಹಳೆಯ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲ ಎಂದೆ. ಅವಳನ್ನು ಕೇಳಲಿಲ್ಲ.

ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪು ಆದದ್ದು ಮದುವೆ ನೋಂದಣಿಯ ಫಾರಮ್ಮಿನಲ್ಲಿ. ವಧುವಿನ ತಂದೆಯ ಹೆಸರು ಎಂದು ಒಂದು ಸಾಲು ಇತ್ತು. ತಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದ. ನಾನು, "ಧಾರೆ ಎರೆದವ ನೀನು, ನಿನ್ನ ಹೆಸರೇ ಬರಿ" ಎಂದೆ. ನನಗೆ ಅದು ಸುಳ್ಳು ಅನ್ನಿಸಲಿಲ್ಲ. ಅಗ್ನಿಯ ಎದುರು ಅವನು ಅಪ್ಪನಾಗಿದ್ದಾನೆ, ಕಾಗದದಲ್ಲಿ ಯಾಕೆ ಆಗಬಾರದು? ಆದರೆ ಒಳಗೊಳಗೆ ಇನ್ನೊಂದು ಯೋಚನೆಯೂ ಇತ್ತು. ಸಿದ್ದಾಪುರದ ಮಗಳು ಎಂದು ಕಾಗದದಲ್ಲಿದ್ದರೆ ನಾಳೆ ಯಾರೂ ಎಲ್ಲಿಯವಳೋ ಏನೋ ಎನ್ನುವುದಿಲ್ಲ. ಆ ಒಂದು ಕಾಗದ ತೋರಿಸಿಯೇ ರೇಷನ್ ಕಾರ್ಡು ಆಯಿತು, ಆಧಾರ್ ಆಯಿತು, ಎಲ್ಲವೂ ಆಯಿತು.

ಇದನ್ನು ಸಾಹೇಬರಿಗೆ ಅಲ್ಲೇ ಹೇಳಬೇಕಿತ್ತು. ನಾನು ಸೆರಗಿನ ತುದಿ ತಿರುವುತ್ತ ನಿಂತೆ. ಅವರು, "ನೀವ ಹೇಳಾಕ ಒಲ್ರಿ ಅಂದ್ಮ್ಯಾಲ ನಾ ಏನ್ ಮಾಡ್ಲಿ. ಬೆಂಗಳೂರಾಗ ಕೇಳ್ತಾರ, ಅಲ್ಲೇ ಹೇಳ್ಲಿ" ಎಂದು ಒಳಗೆ ಹೋದರು.

ನರ್ಸಮ್ಮ ಡ್ಯೂಟಿ ಮುಗಿಸಿ ಬಂದಾಗ ಮೂರು ಗಂಟೆ. ಅವರ ಜೊತೆ ಕಪ್ಪು ಕೋಟಿನ ಒಬ್ಬ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು. ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆಯಾಗಿ ವಾದಿಸಲು ನೇಮಿಸಿದ ವಕೀಲಳು ಎಂದು ನರ್ಸಮ್ಮ ಹೇಳಿದರು. ನಾನು ಕೈ ಮುಗಿದೆ. "ಕೈ ಮುಗೀಬೇಡಿ ಅಮ್ಮ, ಒಳಗೆ ಬನ್ನಿ" ಎಂದು ನನ್ನ ತೋಳು ಹಿಡಿದು ಗೇಟು ದಾಟಿಸಿದಳು. ಆ ಗೇಟು ಅಷ್ಟು ಸುಲಭಕ್ಕೆ ದಾಟುವಂಥದ್ದಾಗಿತ್ತು.

ಒಳಗೆ ಶೆಡ್ಡಿನವರು ಹದಿನಾಲ್ಕು ಜನ, ಹೆಚ್ಚಿನವರು ಮದುವೆಯ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಬಸುರಿ ಹೆಂಗಸು ವೇದಿಕೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು, ನಿಮ್ಮ ಆಯಿ ಅವಳ ಸೊಂಟ ನೀವುತ್ತಿದ್ದಳು.

ವಕೀಲಳು ನಿಮ್ಮ ಆಯಿಯನ್ನು ತೋರಿಸಿ ಸಾಹೇಬರನ್ನು ಕೇಳಿದಳು, "ಇವರನ್ನ ಅರೆಸ್ಟ್ ಮಾಡಿದೀರಾ ಸರ್?"

"ಅರೆಸ್ಟ್ ಅಲ್ರಿ ಮೇಡಂ. ವೆರಿಫಿಕೇಶನ್."

"ಅರೆಸ್ಟ್ ಅಲ್ಲ ಅಂದ್ರೆ ಮನೆಗೆ ಹೋಗ್ಲಿ. ಮಕ್ಕಳಿದಾರೆ, ನಾಳೆ ಕರೆದ್ರೆ ಬರ್ತಾರೆ."

"ಹಂಗ ಬಿಡಾಕ ಬರಂಗಿಲ್ರಿ."

"ಬಿಡೂದಿಲ್ಲ ಅಂದ್ರೆ ಅರೆಸ್ಟೇ ಆಯ್ತಲ್ಲ ಸರ್. ಹಾಗಾದ್ರೆ ಯಾಕೆ ಹಿಡಿದ್ರಿ ಅಂತ ಬರೆದು ಇವರ ಕೈಗೆ ಕೊಡಿ. ಇಪ್ಪತ್ನಾಲ್ಕು ತಾಸಿನ ಒಳಗೆ ಮ್ಯಾಜಿಸ್ಟ್ರೇಟರ ಎದುರು ತನ್ನಿ. ಬೆಂಗಳೂರಿನ ದಾರಿ ಆಮೇಲೆ. ಎರಡರಲ್ಲಿ ಒಂದು ಹೇಳಿ, ನಾನು ಬರ್ಕೊಳ್ತೇನೆ."

ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಮ್ಯಾಲಿಂದ ಫೋನ್ ಮ್ಯಾಲ ಫೋನ್. ನನ್ನ ಕೈಯಾಗ ಏನೈತಿ?"

"ನಿಮ್ಮ ಕೈಯಲ್ಲಿ ವ್ಯಾನಿನ ಚಾವಿ ಉಂಟು ಸರ್."

ಹೀಗೆ ಯಾರಾದರೂ ಪೊಲೀಸರ ಎದುರು ಮಾತನಾಡಬಹುದು ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ನನಗಂತೂ ಅವಳು ಹೀಗೆ ಮಾತನಾಡಿದ್ದಕ್ಕೆ ಸಾಹೇಬರಿಗೆ ಸಿಟ್ಟು ಬಂದು ಈಗಲೇ ವ್ಯಾನು ಹೊರಡಿಸಿದರೆ ಎಂಬ ಹೆದರಿಕೆ. ನಾನು ಅವಳ ಕೋಟಿನ ತೋಳು ಮೆಲ್ಲನೆ ಎಳೆದೆ. ಅವಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು, ಮಾತು ನಿಲ್ಲಿಸಲಿಲ್ಲ.

ಆಗಲೇ ಗೊತ್ತಾದದ್ದು, ಬೆಳಿಗ್ಗೆ ಎಲ್ಲರ ಹತ್ತಿರ ಒಂದು ಕನ್ನಡದ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು ಎಂದು. ಬೇರೆಯವರು ಹೆಬ್ಬೆಟ್ಟು ಒತ್ತಿದ್ದರು. ನಿಮ್ಮ ಆಯಿ ಮಾತ್ರ ಓದಿದ್ದಳು. ದೊಡ್ಡವನ ಒಂದನೇ ಇಯತ್ತೆಯ ಪುಸ್ತಕದ ಜೊತೆಯಲ್ಲೇ ಅವಳೂ ಅಕ್ಷರ ಕಲಿತವಳು, ಬೆರಳಿಟ್ಟು ನಿಧಾನ ಓದುತ್ತಾಳೆ. ಹಾಳೆಯಲ್ಲಿ ಇಂಥ ದೇಶದಿಂದ ಗಡಿ ದಾಟಿ ಬಂದಿದ್ದೇನೆ ಎಂದಿತ್ತು. "ಇದು ನಾನು ಹೇಳಿದ್ದಲ್ಲ" ಎಂದು ಪೆನ್ನು ಕೆಳಗಿಟ್ಟಿದ್ದಳು. ಅದಕ್ಕೇ ಫೋನು ಕಸಿದುಕೊಂಡದ್ದು.

ಆ ದಿನ ವ್ಯಾನು ಸಂಜೆ ಹೊರಡಲಿಲ್ಲ. ಆದರೆ ನಿಮ್ಮ ಆಯಿಯನ್ನು ಬಿಡಲೂ ಇಲ್ಲ, ರಾತ್ರಿಗೆ ಅವಳೊಬ್ಬಳನ್ನೇ ಬೇರೆ ಕಡೆ ಇರಿಸಿದರು. ನಾಳೆ ಬೆಳಿಗ್ಗೆ ಕೋರ್ಟಿಗೆ ತರುತ್ತೇವೆ ಎಂದು ಬರೆದು ಕೊಟ್ಟರು. ವಕೀಲಳು ನನ್ನನ್ನು ಹೊರಗೆ ಕರೆದು ಎಲ್ಲ ಕೇಳಿದಳು. ಅವಳೊಬ್ಬಳಿಗೆ ಹೇಳಲು ನನಗೆ ಕಷ್ಟವಾಗಲಿಲ್ಲ. ಅವಳು ಎಲ್ಲ ಬರೆದುಕೊಂಡು ಹೇಳಿದಳು:

"ಅಮ್ಮ, ಶಾಲೆ ಕಾಗದ ಖರೆ ಅಂತ ಆಗ್ಬೇಕಾದ್ರೆ ಮದುವೆ ಕಾಗದದ ತಂದೆ ಹೆಸರು ಖರೆ ಅಲ್ಲ ಅಂತ ಯಾರಾದ್ರೂ ಹೇಳ್ಬೇಕು. ಬರೆಸಿದವರೇ ಹೇಳ್ಬೇಕು. ಹೇಳಿದ್ರೆ ಸುಳ್ಳು ದಾಖಲೆ ಮಾಡಿದ್ರಿ ಅಂತ ನಿಮ್ಮ ಮೇಲೇ ಕೇಸ್ ಹಾಕಬಹುದು. ಹಾಕ್ತಾರೆ ಅಂತಲ್ಲ. ಹಾಕಬಹುದು. ಇದನ್ನ ಮುಚ್ಚಿಟ್ಟು ನಿಮ್ಮನ್ನ ನಿಲ್ಲಿಸೂದು ಸರಿ ಅಲ್ಲ."

ನರ್ಸಮ್ಮನ ಮನೆಯಿಂದ ಸಿದ್ದಾಪುರಕ್ಕೆ ಫೋನು ಮಾಡಿದೆ. ತಮ್ಮನಿಗೆ ಊರಲ್ಲಿ ಮರ್ಯಾದೆ ಇದೆ, ದೇವಸ್ಥಾನದ ಕಮಿಟಿಯಲ್ಲಿದ್ದಾನೆ. ಎಲ್ಲ ಕೇಳಿದ. ಆಮೇಲೆ, "ಅಕ್ಕಯ್ಯ, ಎಂಗೆ ಕೋರ್ಟು ಹತ್ತಲೆ ಆಗ್ತಿಲ್ಲೆ. ನೀನು ಹೇಳಿದ್ಕೇ ಅಲ್ದ ಅದು ಬರದ್ದು?" ಎಂದ.

"ಹೌದು, ಎನ್ನ ಮಾತಿಗೇ ಬರದ್ದು."

"ಮತ್ತೆ? ಈ ವಯಸ್ಸಲ್ಲಿ ಜೈಲು ನೋಡ್ಕಂಡು ಬಾ ಹೇಳ್ತೆಯ? ಅವಳು ಆನು ಹೆತ್ತ ಮಗಳ?"

ನಾನು ಫೋನು ಇಟ್ಟೆ. ಅವನನ್ನು ದೂರಬೇಡಿ. ನಾನು ಹಲ್ಲುನೋವು ಎಂದು ಹೇಳಿ ಬಂದವಳು.

ರಾತ್ರಿ ಕೊನೆಗೂ ಫೋನು ತಾಗಿ, ಬೆಳಗಿನ ಜಾವಕ್ಕೆ ನಿಮ್ಮ ಅಪ್ಪ ಯಾವುದೋ ಲಾರಿ ಹತ್ತಿ ಬಂದ. ಅವನ ಪಂಚೆಯ ಮೇಲೆ ಇನ್ನೂ ಅರಿಸಿನದ ಕಲೆ. "ಆಯಿ, ಅವಳ್ನ ಕಳಿಸಿಬಿಟ್ರೆ ಮಕ್ಕಳಿಗೆ ಎಂತ ಹೇಳವು?" ಎಂದು ನನ್ನನ್ನು ಕೇಳಿದ್ದು ಒಂದೇ. ಆಚೆಗೆ ದಾಟಿಸಿದರೆ ಅವಳು ಅಲ್ಲಿ ಯಾರ ಮನೆಗೆ ಹೋಗುತ್ತಾಳೆ? ಆ ದೇಶದಲ್ಲಿ ಅವಳಿಗೆ ಒಂದು ನರಪಿಳ್ಳೆಯೂ ಇಲ್ಲ. ಇಲ್ಲಿಂದ ನಾವು ಯಾರಿಗೆ ಅರ್ಜಿ ಹಾಕುವುದು? ಕೂಗಿದರೆ ಕೇಳದ ಜಾಗ ಅದು.

ಕೋರ್ಟಿನ ಹೊರಗೆ ತಮ್ಮನ ಕಾರು ನಿಂತಿತ್ತು. ಬರುವುದಿಲ್ಲ ಎಂದವನು ಬಂದಿದ್ದ, ಆದರೆ ಇಳಿಯಲಿಲ್ಲ. ಗಾಜು ಏರಿಸಿಕೊಂಡು ಎದುರಿಗೆ ನೋಡುತ್ತ ಕೂತಿದ್ದ.

ನಿಮ್ಮ ಆಯಿಯನ್ನು ಹೆಣ್ಣು ಪೊಲೀಸು ಕರೆತಂದಳು. ನಿನ್ನೆಯದೇ ಸೀರೆ, ಮುಖ ಬಾತಿತ್ತು. ಮ್ಯಾಜಿಸ್ಟ್ರೇಟರು ಕಿರಿಯ ವಯಸ್ಸಿನವರು, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಸಾಹೇಬರು ತಮ್ಮ ಕಾಗದ ಓದಿದರು. ಸಂಶಯಾಸ್ಪದರ ಜೊತೆ ಒಡನಾಟ, ಎರಡು ಹೆಸರು, ತಂದೆಯ ಹೆಸರಿನಲ್ಲಿ ವ್ಯತ್ಯಾಸ. ಪ್ರತಿ ಮಾತೂ ನಿಜವೇ ಆಗಿತ್ತು. ಎಲ್ಲ ನಿಜಗಳನ್ನು ಜೋಡಿಸಿದರೆ ಅವಳು ನನಗೆ ಗೊತ್ತೇ ಇಲ್ಲದ ಯಾರೋ ಆಗುತ್ತಿದ್ದಳು.

ವಕೀಲಳು, ಗಂಡನ ತಾಯಿ ಬಂದಿದ್ದಾರೆ, ಅವರನ್ನು ಕೇಳಬೇಕು ಎಂದಳು. ನಾನು ಎದ್ದು ನಿಂತೆ. ಎದುರಿನ ಮರದ ಕಟಕಟೆ ಹಿಡಿದುಕೊಂಡೆ. ಮ್ಯಾಜಿಸ್ಟ್ರೇಟರು, "ಹೇಳಿ ಅಮ್ಮ" ಎಂದರು. ಅವರು ಕಾದರು. ಯಾರೋ ನನಗೆ ನೀರು ಕೊಟ್ಟರು. ಲೋಟ ಹಲ್ಲಿಗೆ ತಾಗಿ ಸದ್ದಾಯಿತು, ಎಲ್ಲರಿಗೂ ಕೇಳಿತು.

"ಮದುವೆ ಕಾಗದದಲ್ಲಿ ಇರೋ ತಂದೆ ಯಾರು?"

"ನನ್ನ ತಮ್ಮ."

"ಅವರು ಈಕೆಯ ತಂದೆಯೇ?"

"ಧಾರೆ ಎರೆದವನು. ಹೆತ್ತ ತಂದೆ ಬೇರೆ. ಶಾಲೆಯ ಕಾಗದದಲ್ಲಿ ಇರುವವರೇ ಹೆತ್ತವರು."

"ಹಾಗಾದರೆ ಈ ಹೆಸರು ಯಾರು ಬರೆಸಿದ್ದು?"

ನಿಮ್ಮ ಆಯಿ ನನ್ನನ್ನೇ ನೋಡುತ್ತಿದ್ದಳು, ಹೇಳಬೇಡಿ ಎಂಬಂತೆ ತಲೆ ಅಲ್ಲಾಡಿಸಿದಳು.

"ನಾನು."

"ಈಕೆಗೆ ಗೊತ್ತಿತ್ತೆ?"

"ಇಲ್ಲ. ಅವಳಿಗೆ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ಇಲ್ಲಿ ಸಹಿ ಮಾಡು ಎಂದೆ, ಮಾಡಿದಳು."

ಆ ಮಾತು ಹೇಳಿದ ಮೇಲೆ ನನಗೆ ಅದು ಕೇಳಿಸಿತು. ಓದಲು ಬಾರದವಳ ಮುಂದೆ ಹಾಳೆ ಇಟ್ಟು ಸಹಿ ಹಾಕಿಸಿಕೊಂಡವರಲ್ಲಿ ಮೊದಲನೆಯವಳು ನಾನೇ. ಭವನದವರು ಆಮೇಲಿನವರು. ನಾನು ಅಲ್ಲೇ ಕೂತುಬಿಟ್ಟೆ.

ಮ್ಯಾಜಿಸ್ಟ್ರೇಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಿಡಿದ ಕಾರಣವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ತವರಿನ ಜಿಲ್ಲೆಗೆ ಬರೆದು ಕಾಗದ ಖರೆಯೋ ಎಂದು ತಿಳಿಯಬೇಕು, ಅಲ್ಲಿಯವರೆಗೆ ಕೋರ್ಟಿನ ಅಪ್ಪಣೆ ಇಲ್ಲದೆ ಎಲ್ಲಿಗೂ ಒಯ್ಯಬಾರದು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಮಾಡಲಿ ಎಂದು ಬರೆಸಿದರು. ನಾನು ನನ್ನ ಹೆಸರಿನ ಪಹಣಿ ಇಟ್ಟು ಜಾಮೀನು ನಿಂತೆ.

ಹೊರಗೆ ಬಂದಾಗ ಅವಳು ಮೊದಲು ಕೇಳಿದ್ದು ನಿಮ್ಮನ್ನು, ಎರಡನೆಯದು ಆ ಬಸುರಿಯನ್ನು. ಹೆಣ್ಣು ಪೊಲೀಸು ಕಣ್ಣು ತಪ್ಪಿಸಿ, "ಅವಳೂ ಸೇರಿ ನಾಲ್ಕು ಜನರನ್ನ ನಸುಕಿಗೇ ಕಳಿಸಾಯ್ತು ಅಕ್ಕ" ಎಂದಳು. ಅವಳ ಪರವಾಗಿ ಯಾವ ವಕೀಲರ ಕಾಗದವೂ ಇರಲಿಲ್ಲ, ಕೇಳುವವರು ಇರಲಿಲ್ಲ, ಅವಳ ಹೆಬ್ಬೆಟ್ಟು ಹಾಳೆಯ ಮೇಲಿತ್ತು. ನಿಮ್ಮ ಆಯಿ ರವಿಕೆಯೊಳಗಿಂದ ಆಸ್ಪತ್ರೆಯ ಒಂದು ಚೀಟಿ ತೆಗೆದಳು. ಹಿಂದಿನ ದಿನ ಕೂತಲ್ಲೇ ಹದಿನಾಲ್ಕು ಜನರ ಹೆಸರು, ಊರು, ಅಪ್ಪನ ಹೆಸರು ಕೇಳಿ ಕನ್ನಡದಲ್ಲಿ ಬರೆದುಕೊಂಡಿದ್ದಳು, ಒತ್ತು ಕೊಂಬು ತಪ್ಪಿ. ವಕೀಲಳು ಆ ಚೀಟಿಯನ್ನೇ ಹಿಡಿದು ಒಳಗೆ ಓಡಿದಳು. ಉಳಿದ ಹತ್ತು ಜನ ಅದರಿಂದ ಉಳಿದರು. ಕಳಿಸಿದ ನಾಲ್ವರಲ್ಲಿ ಇಬ್ಬರು ತಿಂಗಳುಗಳ ಮೇಲೆ ತಮ್ಮೂರು ಸೇರಿದ್ದಾರೆಂದು ಫೋನು ಬಂತು, ಅವರ ಊರು ಇದೇ ದೇಶದಲ್ಲೇ ಇತ್ತು. ಇನ್ನೊಬ್ಬರ ಸುದ್ದಿ ಇಲ್ಲ. ಬಸುರಿಯ ಸುದ್ದಿಯೂ ಈ ತನಕ ಇಲ್ಲ.

ತವರಿನಿಂದ ಉತ್ತರ ಬರಲು ಐದು ತಿಂಗಳಾಯಿತು. ಆ ಐದು ತಿಂಗಳು ಮನೆಯ ಮುಂದೆ ಯಾವ ಬೈಕು ನಿಂತರೂ ನಾನು ನಿಮ್ಮ ಆಯಿಯನ್ನು ಹಿಂದಿನ ಕೊಟ್ಟಿಗೆಗೆ ಕಳಿಸುತ್ತಿದ್ದೆ. ಪೋಸ್ಟಿನವನು ಬಂದರೂ ಕಳಿಸಿದ್ದಿದೆ. ತಮ್ಮ ಶಿರಸಿಗೆ ಬಂದು ನೋಟರಿಯ ಮುಂದೆ ನಿಜ ಬರೆದು ಸಹಿ ಹಾಕಿದ, ನನ್ನ ಮುಖ ನೋಡದೆ ಕಾರು ಹತ್ತಿದ. ನನ್ನ ಮೇಲೆ ಕೇಸು ಆಗಲಿಲ್ಲ. ಆಗಬಹುದು ಎಂದು ವಕೀಲಳು ಹೇಳಿದ ಮಾತು ಹಾಗೆಯೇ ಇದೆ.

ಈಗ ಎಲ್ಲ ಕಾಗದ ಸರಿಯಾಗಿದೆ. ಅವಳ ಹೆತ್ತವರ ಹೆಸರು ಅದರ ಜಾಗದಲ್ಲಿದೆ. ನೀವು ಇಷ್ಟು ತಿಳಿದುಕೊಳ್ಳಿ: ಯಾರಾದರೂ ಬಾ ಎಂದರೆ ಯಾಕೆ ಎಂದು ಕೇಳಬಹುದು, ಬರೆದು ಕೊಡಿ ಎನ್ನಬಹುದು, ಓದದೆ ಸಹಿ ಹಾಕಬೇಕಾಗಿಲ್ಲ, ಕೋರ್ಟಿಗೆ ಕರೆದೊಯ್ಯಿರಿ ಎನ್ನಬಹುದು. ಇದನ್ನು ಕೇಳಲು ನಿಮ್ಮ ಕಾಗದ ಸರಿಯಿರಬೇಕು ಎಂದೇನಿಲ್ಲ. ಆ ಬಸುರಿಗೂ ಈ ಹಕ್ಕು ಇತ್ತು. ಅವಳಿಗೆ ಹೇಳುವವರು ಇರಲಿಲ್ಲ.

ಹೋದ ತಿಂಗಳು ನರ್ಸಮ್ಮ ಮತ್ತೆ ಫೋನು ಮಾಡಿದರು. ಘಟ್ಟದ ಕಡೆ ಹೊಸ ಶೆಡ್ಡು ಬಿದ್ದಿದೆ, ಒಂದು ಮಗುವಿಗೆ ವಾಂತಿ ಭೇದಿ. ನಿಮ್ಮ ಆಯಿ ಚೀಲ ತೆಗೆದಳು.

"ಬ್ಯಾಡ" ಎಂದೆ.

"ಆನು ಹೋಗ್ತೆ ಅತ್ತೆ. ಮಗು ಅಲ್ದ?"

"ಹಾಂಗಾದ್ರೆ ಆನೂ ಬತ್ತೆ."

"ನಿಂಗ ಬಂದು ಎಂತ ಮಾಡ್ತ್ರಿ?" ಎಂದು ನಕ್ಕಳು. ಆದರೂ ತಡೆಯಲಿಲ್ಲ.

ಹೆದ್ದಾರಿ ಸೇರುವಲ್ಲಿ ಒಬ್ಬ ಪೊಲೀಸಿನವನು ಕೈ ಮಾಡಿ ಬಸ್ಸು ನಿಲ್ಲಿಸಿದ. ಹತ್ತಿ ನಮ್ಮ ಮುಂದಿನ ಸೀಟಿನಲ್ಲಿ ಕೂತು, ಕಂಡಕ್ಟರನ ಜೊತೆ ಮಗಳ ಪರೀಕ್ಷೆಯ ಮಾತನಾಡುತ್ತ ಬಂದ. ಯಲ್ಲಾಪುರದವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಅವನು ಇಳಿದ ಮೇಲೆ ನಿಮ್ಮ ಆಯಿ ಮೆಲ್ಲನೆ, "ಅತ್ತೆ, ಈಗ ಬಿಡಿ" ಎಂದಳು. ಅವಳ ಮುಂಗೈಯಲ್ಲಿ ನನ್ನ ಐದು ಬೆರಳೂ ಕೆಂಪಾಗಿ ಮೂಡಿದ್ದವು.